ಅಕ್ವೇರಿಯಂ ಸ್ಟ್ಯಾಂಡಿಗೆ ಬಣ್ಣ ಹೊಡೆಯುವ ಮುಂಚೆ ಏರ್ ಪಂಪ್ ಎಲ್ಲಿದೆ ನೋಡಿ: ಸಮಗ್ರ ಮಾರ್ಗದರ್ಶಿ

ದಸರಾ ಹತ್ತಿರ ಬಂತು ಅಂದ್ರೆ ಮೈಸೂರಿನಲ್ಲಿ ಬೀದಿಗೆ ಎರಡು ಮನೆಯಲ್ಲಾದರೂ ಸುಣ್ಣಬಣ್ಣದ ಕೆಲಸ ನಡೆಯುತ್ತಿರುತ್ತದೆ. ನನಗೆ ಫೋನ್ ಬರುವುದೂ ಆಗಲೇ ಶುರು. "ಸ್ಟ್ಯಾಂಡಿಗೆ ಪೇಂಟ್ ಮಾಡಿಸಿದ್ವಿ, ಎರಡು ದಿನ ಚೆನ್ನಾಗಿ ಒಣಗಿಸಿದ್ವಿ, ಆಮೇಲೇ ಟ್ಯಾಂಕ್ ಇಟ್ಟಿದ್ದು, ಬೆಳಿಗ್ಗೆ ಎದ್ದು ನೋಡಿದ್ರೆ ಮೀನೆಲ್ಲ ಮೇಲೆ ಬಂದು ಬಾಯಿ ಬಿಡ್ತಿವೆ." ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ. ಏರ್ ಪಂಪ್ ಎಲ್ಲಿದೆ? ಉತ್ತರವೂ ಹೆಚ್ಚು ಕಡಿಮೆ ಒಂದೇ: ಕೆಳಗೆ, ಕ್ಯಾಬಿನೆಟ್ ಒಳಗೆ.

ಅಲ್ಲೇ ಇರುವುದು ಎಡವಟ್ಟು. ಏರ್ ಪಂಪ್ ತಾನು ಕೂತ ಜಾಗದ ಗಾಳಿಯನ್ನು ಎಳೆದುಕೊಂಡು ನೀರಿಗೆ ತಳ್ಳುತ್ತದೆ. ಏರ್ ಸ್ಟೋನ್ ಆ ಗಾಳಿಯನ್ನು ಸಣ್ಣ ಸಣ್ಣ ಗುಳ್ಳೆ ಮಾಡುತ್ತದೆ. ಗುಳ್ಳೆ ಸಣ್ಣದಾದಷ್ಟೂ ಅದರಲ್ಲಿರುವುದು ನೀರಿಗೆ ಬೇಗ ಇಳಿಯುತ್ತದೆ, ಅದು ಆಮ್ಲಜನಕ ಇರಲಿ, ಥಿನ್ನರ್ ಘಾಟು ಇರಲಿ. ಥಿನ್ನರ್, ಟರ್ಪೆಂಟೈನ್‌ಗಳ ಆವಿ ಗಾಳಿಗಿಂತ ಭಾರ. ಅದು ಕೆಳಗೆ ಇಳಿದು ಕೂರುತ್ತದೆ. ಹೊಸ ಬಣ್ಣದ ಕ್ಯಾಬಿನೆಟ್, ಬಾಗಿಲು ಮುಚ್ಚಿದೆ, ಒಳಗೆ ಪಂಪ್ ಓಡುತ್ತಿದೆ ಅಂದ್ರೆ ಮೀನಿಗೆ ರಾತ್ರಿಯಿಡೀ ಘಾಟನ್ನೇ ಕುಡಿಸಿದ ಹಾಗೆ.

ನಾನೂ ಇದನ್ನು ಮಾಡಿದವನೇ. ಕುವೆಂಪುನಗರದ ಬಾಡಿಗೆ ಮನೆ, 2 ಅಡಿ ಟ್ಯಾಂಕ್, ಹನ್ನೊಂದು ಗಪ್ಪಿ. ಬಣ್ಣ ಮುಟ್ಟಿದರೆ ಕೈಗೆ ಅಂಟುತ್ತಿರಲಿಲ್ಲ, ಹಾಗಾಗಿ ಒಣಗಿದೆ ಅಂದುಕೊಂಡೆ. ಸೊಳ್ಳೆ ಕಾಟ ಅಂತ ರಾತ್ರಿ ಕಿಟಕಿಯನ್ನೂ ಹಾಕಿದೆ. ಬೆಳಿಗ್ಗೆ ಟ್ಯೂಬ್‌ಲೈಟ್ ಹಾಕಿದಾಗ ನೀರಿನ ಮೇಲೆ ತೆಳ್ಳಗೆ ಒಂದು ಪೊರೆ ಕಂಡಿತು. ಮಳೆಗಾಲದಲ್ಲಿ ಪೆಟ್ರೋಲ್ ಬಂಕಿನ ಮುಂದೆ ನಿಂತ ನೀರಿನ ಮೇಲೆ ಕಾಮನಬಿಲ್ಲು ಆಡುತ್ತದಲ್ಲ, ಹಾಗೇ. ಉಳಿದಿದ್ದು ಐದು ಗಪ್ಪಿ.

ಕೆಳಗೆ ಬರೆದ ಕ್ರಮವನ್ನು ಹಾಗೇ ಪಾಲಿಸಿ. ಇಲ್ಲಿ ಜನ ಎಡವುವುದು ಬಣ್ಣ ಹೊಡೆಯಲು ಬಾರದೆ ಅಲ್ಲ, ಹಿಂದುಮುಂದಾಗಿ ಮಾಡಿ.

ಹಂತ 1: ಯಾವ ಬಣ್ಣ, ಯಾವ ತಿಂಗಳು

ನನ್ನ ಮೊದಲ ಆಯ್ಕೆ ನೀರಿನಲ್ಲಿ ಕರಗುವ ಅಕ್ರಿಲಿಕ್ ಎನಾಮೆಲ್. ಘಾಟು ಕಡಿಮೆ, ಬೇಗ ಒಣಗುತ್ತದೆ, ಬ್ರಶ್ ತೊಳೆಯಲು ನೀರೇ ಸಾಕು. ಆದರೆ "ವಾಸನೆ ಇಲ್ಲ" ಅಂತ ಡಬ್ಬಿ ಮೇಲೆ ಬರೆದಿದ್ದರೆ ಮೀನಿಗೆ ಏನೂ ಆಗಲ್ಲ ಅಂತ ಅರ್ಥ ಅಲ್ಲ. ನೀರಿನ ಬಣ್ಣದಲ್ಲೂ ಸ್ವಲ್ಪ ಅಮೋನಿಯಾ, ಬೂಸ್ಟು ಹಿಡಿಯದಂತೆ ಹಾಕುವ ರಾಸಾಯನಿಕ ಇರಬಹುದು. ಮನುಷ್ಯರ ಮೂಗಿಗೆ ಕಡಿಮೆ ಅಷ್ಟೆ.

ಆಯಿಲ್ ಪೇಂಟ್, ಅಂದ್ರೆ ಟರ್ಪೆಂಟೈನ್ ಬೆರೆಸುವ ಎನಾಮೆಲ್, ಗಟ್ಟಿ ಬರುತ್ತದೆ, ನೀರು ಬಿದ್ದರೂ ತಡೆಯುತ್ತದೆ. ಕಬ್ಬಿಣದ ಆಂಗಲ್ ಸ್ಟ್ಯಾಂಡಿಗೆ ತುಕ್ಕು ತಡೆಯುವ ರೆಡ್ ಆಕ್ಸೈಡ್ ಪ್ರೈಮರ್ ಹೊಡೆದು ಮೇಲೆ ಇದನ್ನೇ ಹೊಡೆಯುವುದು ವಾಡಿಕೆ. ಹೊಡೆಯಿರಿ, ಆದರೆ ಮೂರು ವಾರದ ಲೆಕ್ಕ ಇಟ್ಟುಕೊಂಡು.

ಮೆಲಮೈನ್ ಪಾಲಿಶ್, ಪಿಯು ಅಂದ್ರೆ ಪಾಲಿಯುರೆಥೇನ್, ಎನ್‌ಸಿ ಅಂದ್ರೆ ನೈಟ್ರೋಸೆಲ್ಯುಲೋಸ್ ಲ್ಯಾಕರ್, ಇವು ಮೂರೂ ಮನೆಯೊಳಗೆ ಬೇಡವೇ ಬೇಡ. ಮೆಲಮೈನ್ ಒಣಗುವಾಗ ಫಾರ್ಮಾಲ್ಡಿಹೈಡ್ ಬಿಡುತ್ತದೆ, ಅದರ ಘಾಟಿಗೆ ನಮ್ಮ ಕಣ್ಣೇ ಉರಿಯುತ್ತದೆ. ಎರಡು ಡಬ್ಬಿ ಬೆರೆಸುವ ಪಿಯುನ ಹಾರ್ಡನರ್ ಸ್ಪ್ರೇ ಮಾಡುವವರ ಶ್ವಾಸಕೋಶಕ್ಕೇ ಕೆಟ್ಟದ್ದು. ಫಿನಿಶಿಂಗ್ ಅಂಥದ್ದೇ ಬೇಕು ಅಂದ್ರೆ ಬಡಗಿಯ ಅಂಗಡಿಗೆ ಸ್ಟ್ಯಾಂಡ್ ಕಳಿಸಿ, ಅಲ್ಲೇ ಮೂರು ವಾರ ಇರಲಿ.

ಇನ್ನು ತಿಂಗಳು. ಹಬ್ಬಕ್ಕೆ ಅಂತ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಹೊಡೆಸುತ್ತೀರಿ, ಆಗ ನಮ್ಮಲ್ಲಿ ಮಳೆ ಇನ್ನೂ ಮುಗಿದಿರುವುದಿಲ್ಲ. ತೇವ ಇದ್ದಾಗ ಬಣ್ಣ ಒಣಗಲು ತುಂಬ ತಡ. ಜನವರಿಯಿಂದ ಮಾರ್ಚ್ ಒಳ್ಳೆ ಸಮಯ. ಹಬ್ಬಕ್ಕೇ ಬೇಕು ಅಂದ್ರೆ ಒಂದು ತಿಂಗಳು ಮುಂಚೆ ಶುರು ಮಾಡಿ, ಮಹಾಲಯ ಅಮಾವಾಸ್ಯೆ ಬಂದ ಮೇಲೆ ಪೇಂಟರ್‌ಗೆ ಫೋನ್ ಮಾಡಬೇಡಿ.

ಹಂತ 2: ಬಡಗಿಯನ್ನು ಕೇಳಬೇಕಾದ ಒಂದು ಮಾತು

ಇದಕ್ಕೇ ಒಂದು ಹಂತ ಬೇಕಾ ಅನ್ನಬಹುದು. ಬೇಕು. ಸ್ಟ್ಯಾಂಡಿನ ಮರಕ್ಕೆ ಅಥವಾ ಪ್ಲೈವುಡ್‌ಗೆ ಗೆದ್ದಲು ಔಷಧಿ ಹೊಡೆಯುತ್ತೀರಾ ಅಂತ ಬಾಯಿಬಿಟ್ಟು ಕೇಳಿ. ಕೆಲವರು ಪ್ರೈಮರ್ ಹಾಕುವ ಮುಂಚೆ, ನಮ್ಮನ್ನು ಕೇಳದೆ, ಒಳ್ಳೇದಕ್ಕೇ ಅಂತ ಒಂದು ಕೋಟ್ ಹೊಡೆದುಬಿಡುತ್ತಾರೆ. ಆ ಬಾಟಲಿಯಲ್ಲಿ ಬೈಫೆಂಥ್ರಿನ್, ಸೈಪರ್‌ಮೆಥ್ರಿನ್, ಕ್ಲೋರ್‌ಪೈರಿಫಾಸ್, ಹೀಗೆ ಏನಾದರೂ ಇರುತ್ತದೆ. ಮೀನಿಗೆ, ಅದಕ್ಕಿಂತ ಜಾಸ್ತಿ ಸೀಗಡಿಗೆ, ಇವು ಬಣ್ಣಕ್ಕಿಂತ ಎಷ್ಟೋ ಪಾಲು ಕೆಟ್ಟ ವಿಷ. ಬಣ್ಣದ ಘಾಟು ದಿನ ಕಳೆದಂತೆ ಹೋಗುತ್ತದೆ. ಇವು ಮರದಲ್ಲಿ ಉಳಿಯಲಿ ಅಂತಲೇ ಮಾಡಿದ ಔಷಧಿ. ಒದ್ದೆ ಕೈಯಲ್ಲಿ ಸ್ಟ್ಯಾಂಡ್ ಒರೆಸಿ ಅದೇ ಕೈ ಟ್ಯಾಂಕಿಗೆ ಹಾಕಿದರೆ ಮುಗಿಯಿತು.

ಗೆದ್ದಲು ಆಗಲೇ ಹಿಡಿದಿದ್ದರೆ ಆ ಸ್ಟ್ಯಾಂಡಿಗೆ ಬಣ್ಣ ಹೊಡೆಯುವುದೇ ದಂಡ. 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರದ ಟ್ಯಾಂಕ್ ಅಂದ್ರೆ ಸುಮಾರು 55 ಲೀಟರ್, ನೀರೇ 55 ಕೆಜಿ. ಗಾಜು, ಕಲ್ಲು ಸೇರಿದರೆ 70 ದಾಟುತ್ತದೆ. ಟೊಳ್ಳು ಮರದ ಮೇಲೆ ಇಡುವ ಭಾರವಲ್ಲ ಅದು. ಸ್ಟ್ಯಾಂಡೇ ಬದಲಾಯಿಸಿ.

ಹಂತ 3: ಸಾಮಾನು ಜೋಡಿಸಿಕೊಳ್ಳಿ

ಬಣ್ಣದ ಕಡೆಗೆ: 80, 120, 220 ನಂಬರಿನ ಉಪ್ಪುಕಾಗದ, ತಂತಿ ಬ್ರಶ್, ಪುಟ್ಟಿ, ಪ್ರೈಮರ್, ಎರಡಿಂಚಿನ ಬ್ರಶ್, ಹಳೇ ಪಂಚೆ ಬಟ್ಟೆ, ಕೈಗವಸು, ಮಾಸ್ಕ್.

ಮೀನಿನ ಕಡೆಗೆ: ಸೋಪು ಮುಟ್ಟದ ಎರಡು ಹೊಸ ಬಕೆಟ್, ಮೂರ್ನಾಲ್ಕು ಮೀಟರ್ ಏರ್ ಟ್ಯೂಬ್, ನೀರು ವಾಪಸ್ ಬರದಂತೆ ತಡೆಯುವ ಒಂದು ನಾನ್ ರಿಟರ್ನ್ ವಾಲ್ವ್, ನೀರಿಗೆ ಸೇರಿದ ರಾಸಾಯನಿಕ ಹೀರುವ ಆಕ್ಟಿವೇಟೆಡ್ ಕಾರ್ಬನ್, ಕ್ಲೋರಿನ್ ತೆಗೆಯುವ ಹೈಪೋ ಅಂದ್ರೆ ಸೋಡಿಯಂ ಥಯೋಸಲ್ಫೇಟ್, ಬಲೆ, ಸೈಫನ್ ಪೈಪು. ಕಾರ್ಬನ್ ಹೊಸದೇ ಇರಲಿ. ಆರು ತಿಂಗಳಿಂದ ಫಿಲ್ಟರಿನಲ್ಲಿ ಬಿದ್ದಿರುವ ಕಾರ್ಬನ್ ಈಗ ಬರೀ ಇದ್ದಿಲು.

ವಾಲ್ವನ್ನು ಮಾತ್ರ ಮರೆಯಬೇಡಿ. ಪಂಪ್ ನೀರಿನ ಮಟ್ಟಕ್ಕಿಂತ ಕೆಳಗಿದ್ದು ಕರೆಂಟ್ ಹೋದರೆ ನೀರು ಟ್ಯೂಬಿನಲ್ಲಿ ವಾಪಸ್ ಬಂದು ಪಂಪಿಗೂ ನೆಲಕ್ಕೂ ಹರಿಯುತ್ತದೆ. ಕರೆಂಟ್ ಹೋಗುವುದು ಹೊಸದೇನಲ್ಲ, ಅಲ್ವಾ.

ಹಂತ 4: ಬಣ್ಣದ ಡಬ್ಬಿ ತೆಗೆಯುವ ಮುಂಚೆ ಮೀನು ಬೇರೆ ಕೋಣೆಗೆ

ಹಿಂದಿನ ದಿನ ಊಟ ಹಾಕಬೇಡಿ. ಆರೋಗ್ಯವಾಗಿರುವ ಮೀನಿಗೆ ಒಂದೆರಡು ದಿನ ಉಪವಾಸ ಏನೂ ಮಾಡಲ್ಲ, ಬಕೆಟ್ಟಿನ ನೀರು ಗಲೀಜಾಗುವುದು ತಪ್ಪುತ್ತದೆ.

ಟ್ಯಾಂಕಿನ ನೀರನ್ನೇ ಸೈಫನ್ ಮಾಡಿ ಬಕೆಟ್ ತುಂಬಿಸಿ. ಮೀನು ಅದಕ್ಕೆ. ಫಿಲ್ಟರಿನ ಸ್ಪಾಂಜ್ ಕೂಡ ಅದಕ್ಕೇ. ಹೇಗೂ ತೆಗೆದಿದ್ದೀವಿ ಅಂತ ನಲ್ಲಿ ಕೆಳಗೆ ಹಿಡಿದು ತೊಳೆಯಬೇಡಿ. ಅದರಲ್ಲಿರುವ ಒಳ್ಳೆ ಬ್ಯಾಕ್ಟೀರಿಯಾ ನಲ್ಲಿಯ ಕ್ಲೋರಿನ್‌ಗೆ ಸತ್ತರೆ ಮೀನಿನ ಗಲೀಜಿನಿಂದ ಎರಡೇ ದಿನದಲ್ಲಿ ಅಮೋನಿಯಾ ಏರುತ್ತದೆ, ಆಮೇಲೆ ಮೀನು ಸತ್ತಿದ್ದು ಬಣ್ಣಕ್ಕೋ ಅಮೋನಿಯಾಕ್ಕೋ ಅಂತ ನಿಮಗೂ ಗೊತ್ತಾಗಲ್ಲ, ನನಗೂ ಗೊತ್ತಾಗಲ್ಲ.

ಮೂರು ವಾರ ಮೀನನ್ನು ಬಕೆಟ್ಟಿನಲ್ಲಿ ಇಡುವುದು ಬೇಡ. ಖಾಲಿ ಮಾಡಿದ ಟ್ಯಾಂಕನ್ನೇ ಬೇರೆ ಕೋಣೆಗೆ ತೆಗೆದುಕೊಂಡು ಹೋಗಿ. ನೆಲದ ಮೇಲೆ ಸಮತಟ್ಟಾದ ಪ್ಲೈವುಡ್ ತುಂಡು, ಅದರ ಮೇಲೆ ಥರ್ಮಾಕೋಲ್, ಅದರ ಮೇಲೆ ಟ್ಯಾಂಕ್, ಮತ್ತೆ ಅದೇ ನೀರು. ಎತ್ತುವಾಗ ಒಳಗೆ ನೀರಿರಬಾರದು, ಕಲ್ಲೂ ಇರಬಾರದು. ಅರ್ಧ ನೀರು ಇಟ್ಟುಕೊಂಡೇ ಇಬ್ಬರು ಹಿಡಿದು ಎತ್ತಿದರೆ ಗಾಜು ತಿರುಚಿಕೊಂಡು ಸಿಲಿಕಾನ್ ಜಾಯಿಂಟ್ ಬಿಡುತ್ತದೆ. ಅವತ್ತು ಗೊತ್ತಾಗಲ್ಲ, ವಾರ ಬಿಟ್ಟು ನಡುರಾತ್ರಿ ಹಾಲ್ ತುಂಬ ನೀರಾದಾಗ ಗೊತ್ತಾಗುತ್ತದೆ.

ಆ ಕೋಣೆಯ ಬಾಗಿಲು ಹಾಕಿರಬೇಕು, ಹೊರಗಿನ ಕಡೆಯ ಕಿಟಕಿ ತೆರೆದಿರಬೇಕು. ಪಂಪನ್ನು ಕಿಟಕಿಯ ಹತ್ತಿರ, ನೀರಿನ ಮಟ್ಟಕ್ಕಿಂತ ಎತ್ತರದಲ್ಲಿ ನೇತು ಹಾಕಿ. ಬಾಗಿಲ ಕೆಳಗಿನ ಸಂದಿಗೆ ಬಟ್ಟೆ ತುರುಕಿ, ಘಾಟು ಕೆಳಗಿಂದಲೇ ಬರುವುದು.

ಹಂತ 5: ಸ್ಟ್ಯಾಂಡ್ ಟೆರೇಸಿಗೆ, ಅಲ್ಲೇ ಉಜ್ಜಿ

ಉಜ್ಜುವ ಕೆಲಸ ಮನೆಯೊಳಗೆ ಬೇಡ. ಕಬ್ಬಿಣವಾದರೆ ತುಕ್ಕು ಪೂರ್ತಿ ಹೋಗುವ ತನಕ ತಂತಿ ಬ್ರಶ್, ಆಮೇಲೆ 80 ನಂಬರ್. ಮರವಾದರೆ 120ರಲ್ಲಿ ಶುರು ಮಾಡಿ 220ರಲ್ಲಿ ಮುಗಿಸಿ, ಎಳೆ ಹೋದ ದಿಕ್ಕಿನಲ್ಲೇ ಉಜ್ಜಿ.

ಹಳೇ ಸ್ಟ್ಯಾಂಡಾದರೆ ಒಂದು ಎಚ್ಚರಿಕೆ. ಮನೆಗೆ ಬಳಸುವ ಬಣ್ಣದಲ್ಲಿ ಸೀಸ 90 ಪಿಪಿಎಂ, ಅಂದ್ರೆ ಹತ್ತು ಲಕ್ಷದಲ್ಲಿ 90 ಪಾಲು, ಮೀರಬಾರದು ಅನ್ನುವ ನಿಯಮ ನಮ್ಮಲ್ಲಿ ಜಾರಿಗೆ ಬಂದಿದ್ದು 2017ರ ನವೆಂಬರಿನಲ್ಲಿ. ಅದಕ್ಕೆ ಮುಂಚಿನ ಬಣ್ಣದಲ್ಲಿ ಸೀಸ ಇರಬಹುದು, ಅದರಲ್ಲೂ ಹಳದಿ, ಕೆಂಪು, ಹಸಿರಿನಲ್ಲಿ. ಒಣಗಿದ್ದನ್ನು ಉಜ್ಜಿ ಧೂಳೆಬ್ಬಿಸಬೇಡಿ, ವಾಟರ್ ಪೇಪರ್ ತಂದು ಒದ್ದೆ ಮಾಡಿ ಉಜ್ಜಿ, ರಾಡಿಯನ್ನು ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಮಕ್ಕಳನ್ನು ಹತ್ತಿರ ಬಿಡಬೇಡಿ.

ಎಂಡಿಎಫ್, ಅಂದ್ರೆ ಮರದ ನಾರನ್ನು ಒತ್ತಿ ಮಾಡಿದ ಹಲಗೆಯ ಕ್ಯಾಬಿನೆಟ್ಟಿನ ಅಂಚು ನೀರು ಕುಡಿದು ಹಪ್ಪಳದ ಹಾಗೆ ಉಬ್ಬಿದ್ದರೆ ಪುಟ್ಟಿ ಹಾಕಿ ಮುಚ್ಚಬೇಡಿ. ಬಣ್ಣ ಅದರ ಬಲ ವಾಪಸ್ ಕೊಡಲ್ಲ.

ಹಂತ 6: ಬಣ್ಣ ಹೊಡೆಯುವುದು

ಇದು ಸುಲಭದ ಭಾಗ. ಪ್ರೈಮರ್ ಒಂದು ಕೋಟ್, ಒಂದು ದಿನ ಬಿಡಿ, 220ರಲ್ಲಿ ಹಗುರವಾಗಿ ಉಜ್ಜಿ, ಬಣ್ಣ ಎರಡು ಕೋಟ್, ನಡುವೆ ಒಂದು ರಾತ್ರಿ.

ಕೋಟ್ ತೆಳ್ಳಗಿರಲಿ. ದಪ್ಪಗೆ ಒಂದೇ ಸಲ ಬಳಿದರೆ ಮೇಲೆ ಪೊರೆ ಕಟ್ಟಿ ಒಳಗೆ ಹಸಿಯೇ ಉಳಿಯುತ್ತದೆ. ಉಗುರಲ್ಲಿ ಒತ್ತಿದರೆ ಹಾಲಿನ ಕೆನೆಯ ಹಾಗೆ ಸುಕ್ಕಾಗುತ್ತದೆ. ಅಂಥ ಬಣ್ಣ ವಾರಗಟ್ಟಲೆ ಘಾಟು ಬಿಡುತ್ತಲೇ ಇರುತ್ತದೆ.

ಕ್ಯಾಬಿನೆಟ್ ಒಳಗೆ ಬಣ್ಣ ಬೇಕೇ ಬೇಕಾ ಅಂತ ಯೋಚಿಸಿ. ಯಾರಿಗೂ ಕಾಣದ ಜಾಗ. ಪಂಪು, ಫಿಲ್ಟರು ಕೂರುವ ಜಾಗವೂ ಅದೇ. ನಾನು ಒಳಗೆ ಬರೀ ಒಂದು ಕೋಟ್ ನೀರಿನ ಪ್ರೈಮರ್ ಹೊಡೆದು ಬಿಡುತ್ತೇನೆ. ಪೇಂಟರ್ "ಒಳಗೂ ಹೊಡೆದುಬಿಡ್ತೀನಿ ಸಾರ್, ಹೇಗೂ ಬಣ್ಣ ಉಳಿದಿದೆ" ಅಂದ್ರೆ ನಯವಾಗಿ ಬೇಡ ಅನ್ನಿ.

ಟೆರೇಸಿನ ಬಾಗಿಲು ಹಾಕಿಕೊಂಡು ಕೆಲಸ ಮಾಡಿ, ಇಲ್ಲದಿದ್ದರೆ ಮೆಟ್ಟಿಲ ದಾರಿಯಲ್ಲೇ ಘಾಟು ಕೆಳಗೆ ಇಳಿಯುತ್ತದೆ. ಕೆಲಸ ಮುಗಿದ ಮೇಲೆ ಕೈ ತೊಳೆದು, ಬಟ್ಟೆ ಬದಲಿಸಿ, ಆಮೇಲೆ ಮೀನಿಗೆ ಊಟ. ಥಿನ್ನರಿನಲ್ಲಿ ಒರೆಸಿದ ಕೈ ಟ್ಯಾಂಕಿನೊಳಗೆ ಹೋಗಬಾರದು.

ಹಂತ 7: ಒಣಗುವುದು ಬೇರೆ, ಮಾಗುವುದು ಬೇರೆ

ಎಲ್ಲರೂ ಬೀಳುವ ಹೊಂಡ ಇದು. ಮುಟ್ಟಿದರೆ ಅಂಟಲ್ಲ ಅಂದ್ರೆ ಮೇಲ್ಪದರ ಒಣಗಿದೆ ಅಂತ ಅಷ್ಟೆ. ಒಳಗಿನ ದ್ರಾವಕ ನಿಧಾನಕ್ಕೆ ಹೊರಬೀಳುತ್ತಲೇ ಇರುತ್ತದೆ. ಕಾಯಿ ಬಾಳೆಗೊನೆ ಹಳದಿ ಆದ ತಕ್ಷಣ ಹಣ್ಣಾಯಿತು ಅನ್ನಲ್ಲ, ಹಿಸುಕಿ ನೋಡ್ತೀವಲ್ಲ.

ನಾನು ಇಟ್ಟುಕೊಂಡ ಲೆಕ್ಕ ಹೀಗೆ. ನೀರಿನ ಬಣ್ಣ 10 ದಿನ. ಆಯಿಲ್ ಪೇಂಟ್, ವಾರ್ನಿಷ್ 3 ವಾರ. ಮಳೆಗಾಲವಾದರೆ ಅದರ ಮೇಲೆ ಇನ್ನೊಂದು ವಾರ. ಈ ದಿನಗಳಲ್ಲಿ ಕ್ಯಾಬಿನೆಟ್ ಬಾಗಿಲು, ಡ್ರಾಯರ್ ಎಲ್ಲ ತೆರೆದಿರಬೇಕು, ಒಳಗೆ ಗಾಳಿ ಆಡಬೇಕು, ಆದರೆ ಮಳೆ ಬೀಳಬಾರದು.

ಥರ್ಮಾಕೋಲ್ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಸರಿಯಾಗಿ ಮಾಗದ ಆಯಿಲ್ ಪೇಂಟ್ ಮೇಲೆ ಥರ್ಮಾಕೋಲ್ ಹಾಕಿ ಟ್ಯಾಂಕ್ ಇಟ್ಟರೆ ದ್ರಾವಕ ಥರ್ಮಾಕೋಲನ್ನೇ ಕರಗಿಸುತ್ತದೆ. ಒಬ್ಬರ ಮನೆಯಲ್ಲಿ ನೋಡಿದ್ದೇನೆ. ಹಾಳೆ ಅಲ್ಲಲ್ಲಿ ಗುಳಿ ಬಿದ್ದು, ಬೆಲ್ಲದ ಪಾಕದ ಹಾಗೆ ಬಣ್ಣಕ್ಕೆ ಕಚ್ಚಿಕೊಂಡಿತ್ತು. ಟ್ಯಾಂಕ್ ಒಂದು ಕಡೆ ತಗ್ಗಿತ್ತು. ಅವರ ಅದೃಷ್ಟ, ಗಾಜು ಸೀಳಿರಲಿಲ್ಲ.

ಹಂತ 8: ಸ್ಟೀಲ್ ಡಬ್ಬಿ ಪರೀಕ್ಷೆ

ನಿಮ್ಮ ಮೂಗನ್ನು ನಂಬಬೇಡಿ. ಹತ್ತು ದಿನ ಅದೇ ವಾಸನೆಯಲ್ಲಿ ಓಡಾಡಿದ ಮೂಗಿಗೆ ಅದು ಗೊತ್ತಾಗುವುದೇ ನಿಂತಿರುತ್ತದೆ.

ಚೆನ್ನಾಗಿ ತೊಳೆದು ಒಣಗಿಸಿದ ಅಗಲ ಬಾಯಿಯ ಸ್ಟೀಲ್ ಡಬ್ಬಿಯನ್ನು ಬಣ್ಣದ ಮೇಲೆ ಬೋರಲು ಹಾಕಿ. ಕ್ಯಾಬಿನೆಟ್ ಬಾಗಿಲನ್ನೂ ಮುಚ್ಚಿ. ಒಂದು ರಾತ್ರಿ ಹಾಗೇ ಇರಲಿ. ಬೆಳಿಗ್ಗೆ ಪಕ್ಕದ ಮನೆಯವರನ್ನೋ ಹಾಲಿನವರನ್ನೋ ಕರೆದು, ಡಬ್ಬಿ ಎತ್ತಿದ ತಕ್ಷಣ ಒಳಗಿನ ಗಾಳಿ ಮೂಸಲು ಹೇಳಿ. ಕ್ಯಾಬಿನೆಟ್ ಒಳಗೂ ಒಮ್ಮೆ ತಲೆ ಹಾಕಲಿ. ಸ್ವಲ್ಪ ಬಣ್ಣದ ವಾಸನೆ ಅಂದರೂ ಇನ್ನೊಂದು ವಾರ. ಡಬ್ಬಿಯ ಅಂಚು ಬಣ್ಣದಲ್ಲಿ ಅಚ್ಚಾಗಿ ಮೂಡಿದ್ದರೆ ಕೇಳುವುದೇ ಬೇಡ, ಎರಡು ವಾರ.

"ಒಂದು ಗಪ್ಪಿ ಬಿಟ್ಟು ನೋಡೋಣ" ಅನ್ನುವವರಿದ್ದಾರೆ. ಡಬ್ಬಿ ಇರುವಾಗ ಗಪ್ಪಿ ಯಾಕೆ?

ಹಂತ 9: ಟ್ಯಾಂಕ್ ವಾಪಸ್

ಸ್ಟ್ಯಾಂಡ್ ತಂದಿಟ್ಟು ಮಟ್ಟ ನೋಡಿ. ಹೊಸ ಥರ್ಮಾಕೋಲ್ ಹಾಕಿ. ಟ್ಯಾಂಕ್ ಖಾಲಿ ಮಾಡಿ ತಂದು ಇಡಿ, ಹಳೇ ನೀರು ಮುಕ್ಕಾಲು, ಹೊಸ ನೀರು ಕಾಲು. ಕಾವೇರಿ ನಲ್ಲಿ ನೀರಾದರೆ ಹೈಪೋ ಹಾಕಿ. ಫಿಲ್ಟರಿಗೆ ಹೊಸ ಕಾರ್ಬನ್.

ಪಂಪ್ ಮಾತ್ರ ಕ್ಯಾಬಿನೆಟ್ ಒಳಗೆ ಬೇಡ. ಇನ್ನೂ ಒಂದು ತಿಂಗಳು ಅದು ಹೊರಗೆ, ಕಿಟಕಿ ಹತ್ತಿರ. ನೀರಿನೊಳಗೆ ಮುಳುಗಿಸಿಡುವ ಸಣ್ಣ ನೀರಿನ ಪಂಪ್, ಅಂದ್ರೆ ಪವರ್ ಹೆಡ್‌ನಲ್ಲಿ ಗಾಳಿ ಎಳೆಯುವ ಸಣ್ಣ ನಳಿಕೆ ಇದ್ದರೆ ಅದನ್ನೂ ಮುಚ್ಚಿ. ಅದೂ ಪಂಪಿನ ಕೆಲಸವನ್ನೇ ಮಾಡುವುದು, ಆದರೆ ಯಾರ ಕಣ್ಣಿಗೂ ಬೀಳಲ್ಲ.

ಮೊದಲ ಮೂರು ರಾತ್ರಿ ಕಿಟಕಿ ತೆರೆದಿಡಿ. ಸೊಳ್ಳೆಗೆ ಪರದೆ ಕಟ್ಟಿ. ಬತ್ತಿ, ಸ್ಪ್ರೇ ಎರಡೂ ಬೇಡ, ಅವುಗಳಲ್ಲೂ ಗೆದ್ದಲು ಔಷಧಿಯ ಜಾತಿಯದ್ದೇ ವಿಷ.

ಟ್ಯಾಂಕ್ ಅಲುಗಿಸಲು ಆಗಲ್ಲ ಅನ್ನುವವರಿಗೆ

4 ಅಡಿ ಟ್ಯಾಂಕ್ 240 ಲೀಟರ್ ದಾಟಬಹುದು. ಅದನ್ನು ಸುಮ್ನೆ ಎತ್ತಿ ಇಡಲು ಆಗಲ್ಲ, ಒಪ್ಪುತ್ತೇನೆ. ಹಾಗಿದ್ದರೆ ನನ್ನ ಸಲಹೆ ಬಣ್ಣ ಹೊಡೆಯಬೇಡಿ ಅಂತಲೇ. ಹಲಗೆ ಕತ್ತರಿಸಿ ಹೊರಗೇ ಬಣ್ಣ ಹೊಡೆಸಿ, ಮಾಗಿದ ಮೇಲೆ ತಂದು ಸ್ಕ್ರೂ ಹಾಕಿ ಮುಂಭಾಗ ಮುಚ್ಚಿದರೆ ಕಣ್ಣಿಗೆ ಅಷ್ಟೇ ಚೆನ್ನ.

ಮನೆಯ ಗೋಡೆಗೇ ಬಣ್ಣ ಹೊಡೆಸುವಾಗಲೂ ಇದೇ ಕಷ್ಟ. ನೀರಿನ ಬಣ್ಣ ಮಾತ್ರ ಬಳಸಿ, ಪಂಪ್ ಸಿಟ್‌ಔಟಿನಲ್ಲಿ ಇಟ್ಟು ಟ್ಯೂಬ್ ಎಳೆಯಿರಿ, ಉಜ್ಜುವ ಹೊತ್ತಿಗಷ್ಟೇ ಟ್ಯಾಂಕ್ ಮೇಲೆ ಬಟ್ಟೆ ಹೊದಿಸಿ. ಬಟ್ಟೆ ಧೂಳನ್ನು ತಡೆಯುತ್ತದೆ, ಘಾಟನ್ನಲ್ಲ. ಪ್ಲಾಸ್ಟಿಕ್ ಸುತ್ತಿ ಟೇಪ್ ಹಾಕಿದರೆ ಮೀನಿಗೆ ಉಸಿರೇ ಇಲ್ಲ. ಫೈಟರ್, ಗೌರಾಮಿ ಇದ್ದರೆ ಇನ್ನೂ ಕಷ್ಟ, ಅವು ಮೇಲೆ ಬಂದು ನೇರ ಗಾಳಿಯನ್ನೇ ನುಂಗುವ ಮೀನು.

ಎಡವಟ್ಟಾಗಿದೆ ಅಂತ ತಿಳಿಯುವುದು ಹೇಗೆ, ಆಗ ಏನು ಮಾಡಬೇಕು

ಮೀನು ಮೇಲೆ ಬಂದು ಬಾಯಿ ಬಡಿಯುತ್ತದೆ. ಕಿವಿರು ಬೇಗ ಬೇಗ ಆಡುತ್ತದೆ. ಇದ್ದಕ್ಕಿದ್ದ ಹಾಗೆ ನುಗ್ಗಿ ಗಾಜಿಗೆ ಹೊಡೆದುಕೊಳ್ಳುತ್ತದೆ, ಆಮೇಲೆ ಒಂದು ಮಗ್ಗುಲಾಗುತ್ತದೆ. ಬಣ್ಣ ಮಂಕಾಗುತ್ತದೆ. ಬಸವನಹುಳು ನೀರು ಬಿಟ್ಟು ಗಾಜಿನ ಮೇಲೆ ಹತ್ತುತ್ತದೆ. ನೀರಿನ ಮೇಲೆ ಜಿಡ್ಡು. ಇದರಲ್ಲಿ ಎರಡು ಕಂಡರೂ ಕಾಯಬೇಡಿ.

ಮೊದಲು ಪಂಪಿನ ಪ್ಲಗ್ ಕೀಳಿ. ಪಂಪನ್ನು ಹೊರಗಿನ ಗಾಳಿಗೆ ಒಯ್ದು ಅಲ್ಲಿ ಮತ್ತೆ ಓಡಿಸಿ. ಗಾಬರಿಯಲ್ಲಿ ಜನ ಮಾಡುವುದು ಇದರ ಉಲ್ಟಾ: ಮೀನು ಬಾಯಿ ಬಿಡುತ್ತಿದೆ, ಗಾಳಿ ಸಾಲದು ಅಂತ ಅದೇ ಕೋಣೆಯಲ್ಲಿ ಇನ್ನೊಂದು ಪಂಪ್ ಹಾಕುತ್ತಾರೆ.

ಕಿಟಕಿ ಬಾಗಿಲು ತೆರೆಯಿರಿ. ನೀರಿನ ಮೇಲೆ ಬಿಳಿ ಟಿಶ್ಯೂ ಹಾಳೆ ಹಾಸಿ ಎಳೆದು ಜಿಡ್ಡು ತೆಗೆಯಿರಿ. ಅರ್ಧ ನೀರು ಬದಲಿಸಿ, ಬಿಸಿ ತಣ್ಣಗೆ ಒಂದೇ ಇರಲಿ, ಕ್ಲೋರಿನ್ ತೆಗೆದಿರಲಿ. ಯಾವಾಗಲೂ ಹಾಕುವ ನೀರನ್ನೇ ಹಾಕಿ. ಕಾವೇರಿ ನೀರಿನಲ್ಲಿದ್ದ ಮೀನಿಗೆ ದಿಢೀರ್ ಅಂತ ಅರ್ಧ ಟ್ಯಾಂಕ್ ಬೋರ್‌ವೆಲ್ ನೀರು ಸುರಿದರೆ, ಅದರಲ್ಲೂ ಗಡಸು ನೀರಿನ ಕಡೆ, ಅದೇ ಇನ್ನೊಂದು ಪೆಟ್ಟು. ಹೊಸ ಕಾರ್ಬನ್ ಹಾಕಿ, ಎರಡು ದಿನ ಬಿಟ್ಟು ಅದನ್ನೂ ಬದಲಿಸಿ. ಆ ಎರಡು ದಿನ ಊಟ ಬೇಡ.

ಮಗ್ಗುಲಾದ ಮೀನನ್ನು ಬೇರೆ ಕೋಣೆಯಲ್ಲಿ ಒಳ್ಳೆ ನೀರಿನ ಬಕೆಟ್ಟಿಗೆ ಬಿಟ್ಟು, ಮೇಲೊಂದು ಬಟ್ಟೆ ಹೊದಿಸಿ, ಹತ್ತಿರ ಹೋಗಿ ಹೋಗಿ ನೋಡದೆ ಬಿಡಿ. ನನ್ನ ಐದು ಗಪ್ಪಿಯಲ್ಲಿ ಎರಡು ಹಾಗೆ ಮಲಗಿದ್ದವು. ಸಂಜೆ ಹೊತ್ತಿಗೆ ಒಂದು ಎದ್ದು ಈಜಿತು, ಇನ್ನೊಂದಕ್ಕೆ ಮಾರನೇ ದಿನ ಮಧ್ಯಾಹ್ನ ಆಯಿತು.